ಕಡ್ಡಿ ಮುರಿದ ಕರೆಂಟ್ ಸೈಕಲ್ಲನ್ನು ವಾಪಸ್ ಕಳಿಸಬೇಡಿ

ಊರೂರಿನ ಸೈಕಲ್ ಶಾಪಿನ ಅಣ್ಣಂದಿರಿಗೆ, ಅವರ ಕೈಕೆಳಗೆ ಕೆಲಸ ಕಲಿಯುತ್ತಿರುವ ಹುಡುಗರಿಗೆ,



‘ಇದು ಕರೆಂಟ್ ಗಾಡಿ ಸಾರ್, ನಮ್ಮ ಹತ್ರ ಆಗಲ್ಲ. ಕಂಪನಿಗೇ ತಗೊಂಡ್ಹೋಗಿ’ ಅನ್ನುವ ಮಾತು ಈಚೆಗೆ ನಿಮ್ಮ ಅಂಗಡಿಗಳಲ್ಲಿ ಸಲೀಸಾಗಿ ಬರುತ್ತಿದೆ. ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ಮೋಟರಿನಿಂದ ಸುಟ್ಟ ವಾಸನೆ ಬರುತ್ತಿದೆ ಎಂದು ಬಂದವರಿಗೆ ಹೀಗೆ ಹೇಳಿದರೆ ನ್ಯಾಯವೇ. ಗೊತ್ತಿಲ್ಲದ್ದಕ್ಕೆ ಕೈ ಹಾಕಿ ಕೆಡಿಸುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಹಿಂದಿನ ಚಕ್ರದಲ್ಲಿ ಒಂದೇ ಒಂದು ಕಡ್ಡಿ ಮುರಿದಿದೆ, ರಿಮ್ಮು ಅತ್ತಿತ್ತ ವಾಲುತ್ತಿದೆ, ಮಿಕ್ಕಿದ್ದೆಲ್ಲ ಸರಿಯಿದೆ ಎಂದು ಬಂದವರಿಗೂ ನೀವು ಇದೇ ಮಾತು ಹೇಳುತ್ತೀರಿ. ಈ ಪತ್ರ ಬರೆಯಲು ಅದೇ ಕಾರಣ.

ಕಂಪನಿಗೆ ಒಯ್ಯಿರಿ ಅನ್ನುವುದು ಸುಲಭ. ಎಲ್ಲಿಗೆ ಒಯ್ಯುವುದು? ಹಾಸನದಲ್ಲೋ ಚಿತ್ರದುರ್ಗದಲ್ಲೋ ಇರುವವನು ಆ ಸೈಕಲ್ಲನ್ನು ಆನ್‌ಲೈನಿನಲ್ಲಿ ತರಿಸಿರುತ್ತಾನೆ. ಅದು ರಟ್ಟಿನ ಡಬ್ಬದಲ್ಲಿ ಬಂದಿರುತ್ತದೆ, ಸರ್ವಿಸ್ ಸೆಂಟರ್ ಇರುವುದು ಬೆಂಗಳೂರಿನಲ್ಲಿ. ಇಪ್ಪತ್ತು ಇಪ್ಪತ್ತೈದು ಕೆಜಿ ತೂಗುವ ಸೈಕಲ್ಲನ್ನು ಬಸ್ಸಿಗೆ ಹಾಕಿಸಿಕೊಳ್ಳಲು ಮೊದಲು ಕಂಡಕ್ಟರ್ ಒಪ್ಪಬೇಕು. ಒಪ್ಪಿದರೂ ಹೋಗಿಬರುವ ಲಗೇಜು, ಅಲ್ಲಿ ಕಾಯುವ ದಿನಗಳು, ಆ ದಿನಗಳಲ್ಲಿ ತಪ್ಪುವ ಸಂಪಾದನೆ ಎಲ್ಲ ಲೆಕ್ಕ ಹಾಕಿದರೆ, ಒಂದು ಕಾಫಿಯ ದುಡ್ಡಿಗೆ ಸಿಗುವ ಕಡ್ಡಿಗೆ ಸಾವಿರಾರು ರೂಪಾಯಿ ತೆತ್ತಂತಾಗುತ್ತದೆ. ನನಗೆ ಒಂದು ಕಂಪನಿಯ ಕಸ್ಟಮರ್ ಕೇರಿನವರು ಹೇಳಿದ ಪರಿಹಾರ ಇನ್ನೂ ಸೊಗಸಾಗಿತ್ತು. ಕಡ್ಡಿಯನ್ನು ಬಿಡಿಯಾಗಿ ಮಾರುವುದಿಲ್ಲವಂತೆ, ಮೋಟರ್ ಸಮೇತ ಇಡೀ ಚಕ್ರವನ್ನೇ ಕೊಂಡುಕೊಳ್ಳಬೇಕಂತೆ.

ಈ ಸೈಕಲ್ಲು ಓಡಿಸುವವರೆಲ್ಲ ಶೋಕಿಗೆ ಓಡಿಸುವವರು ಎಂದುಕೊಳ್ಳಬೇಡಿ. ಮೊಣಕಾಲು ನೋವಿನಿಂದ ಹಳೇ ಸೈಕಲ್ಲು ಬಿಟ್ಟ ನನ್ನಂಥ ಮೈಸೂರಿನವರು ಇದ್ದೇವೆ, ನಿಜ. ಊಟದ ಡಬ್ಬಿ ಮುಟ್ಟಿಸುವ ಹುಡುಗರಿದ್ದಾರೆ, ಬೆಳಿಗ್ಗೆ ಪೇಪರ್ ಹಾಕಿ ಮಧ್ಯಾಹ್ನ ಮೆಡಿಕಲ್ ಸ್ಟೋರಿನ ಔಷಧಿ ಕೊಟ್ಟುಬರುವವರಿದ್ದಾರೆ. ಅವರು ಇದನ್ನು ಆರಿಸಿಕೊಂಡಿದ್ದಕ್ಕೆ ಕಾರಣ ನೇರವಾಗಿದೆ: ಮೋಟರಿನ ಶಕ್ತಿ 250 ವಾಟಿನ ಒಳಗಿದ್ದು ವೇಗ ಗಂಟೆಗೆ 25 ಕಿಲೋಮೀಟರ್ ದಾಟದಿದ್ದರೆ ನಮ್ಮ ಮೋಟಾರು ವಾಹನ ನಿಯಮದ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಸರ್ಕಾರವೇ ಇದನ್ನು ಸೈಕಲ್ಲಿನ ಸಾಲಿಗೆ ಬಿಟ್ಟಿರುವಾಗ ಸೈಕಲ್ ಶಾಪಿನವರೇ ಇದು ಸೈಕಲ್ಲಲ್ಲ ಅಂದರೆ ಹೇಗೆ?

ನಿಮ್ಮ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರಿ ಸೈಕಲ್ಲು ಕೊಡುವುದು ಶುರುವಾದಾಗ, ಹೊಸ ಸೈಕಲ್ಲಿನ ಸಡಿಲ ಚಕ್ರಗಳನ್ನು ಹಳ್ಳಿಹಳ್ಳಿಯಲ್ಲಿ ಕೂತು ಬಿಗಿದವರು ನೀವು. ಹಾಲಿನ ಕ್ಯಾನು, ಸಿಲಿಂಡರು, ಭತ್ತದ ಮೂಟೆ ಹೊತ್ತ ಕ್ಯಾರಿಯರ್ ಸೈಕಲ್ಲುಗಳ ನಲವತ್ತು ಕಡ್ಡಿಯ ಹಿಂದಿನ ಚಕ್ರವನ್ನು ಕಣ್ಣಳತೆಯಲ್ಲೇ ಹೆಣೆದವರು ನೀವು. ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯನ್ನು 2020ರ ಜೂನ್ 3ರಂದು ನಿಲ್ಲಿಸಿತು. ಅವತ್ತು ವಿಶ್ವ ಸೈಕಲ್ ದಿನ ಬೇರೆ. ಕಾರ್ಖಾನೆ ಬಾಗಿಲು ಹಾಕಿದರೂ ಆ ಸೈಕಲ್ಲುಗಳು ಇನ್ನೂ ರಸ್ತೆ ಮೇಲೆ ಓಡುತ್ತಿವೆ ಅಂದರೆ ಅದು ನಿಮ್ಮಿಂದ. ಇಷ್ಟೆಲ್ಲ ಗೊತ್ತಿರುವವರು ಒಂದು ಕಪ್ಪು ವೈರು ಕಂಡು ಹಿಂದೆ ಸರಿಯುತ್ತೀರಲ್ಲ, ನನ್ನ ಬೇಜಾರು ಅಷ್ಟೇ.

ಆದ್ದರಿಂದ ಮೊದಲು ಆ ವೈರಿನ ವಿಚಾರವನ್ನೇ ಮುಗಿಸೋಣ.

ನಮ್ಮಲ್ಲಿ ಮಾರುವ ಎಲೆಕ್ಟ್ರಿಕ್ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಮೋಟರ್ ಇರುವುದು ಹಿಂದಿನ ಚಕ್ರದ ಹಬ್ಬಿನಲ್ಲಿ. ಬ್ಯಾಟರಿ ಸಾಮಾನ್ಯವಾಗಿ 36 ವೋಲ್ಟಿನದು, ಮನೆಯ ಗೋಡೆಯ 230 ವೋಲ್ಟಲ್ಲ. ಹಾಗಂತ ಬ್ಯಾಟರಿಯನ್ನು ಬಿಚ್ಚಲು ಹೋಗಬೇಡಿ, ಅದರ ಅಗತ್ಯವೂ ಇಲ್ಲ. ಗಿರಾಕಿಯ ಕೈಲೇ ಕೀ ಹಾಕಿಸಿ ಬ್ಯಾಟರಿ ಹೊರಗೆ ತೆಗೆಸಿ, ಅವರ ಮುಂದೆಯೇ ಒಣ ಜಾಗದಲ್ಲಿ ಇಡಿ. ಫ್ರೇಮಿನೊಳಗೇ ಕೂತ ಬ್ಯಾಟರಿಯಾದರೆ ಸ್ವಿಚ್ ಆಫ್ ಮಾಡಿಸಿ. ಆಮೇಲೆ ನಿಮ್ಮ ಮುಂದಿರುವುದು ಹಬ್ಬು ಸ್ವಲ್ಪ ದಪ್ಪಗಿರುವ ಒಂದು ಸೈಕಲ್ಲು, ಅಷ್ಟೇ.

ಎಷ್ಟೋ ಸಲ ಚಕ್ರ ಬಿಚ್ಚುವುದೇ ಬೇಡ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ನಿಮ್ಮ ಅಂಜಿಕೆಯಲ್ಲಿ ಮುಕ್ಕಾಲು ಪಾಲು ಇರುವುದು ಚಕ್ರ ಬಿಚ್ಚುವುದರಲ್ಲಿ. ಮಾಮೂಲಿ ಸೈಕಲ್ಲಿನಲ್ಲಿ ಚೈನಿನ ಕಡೆಯ ಕಡ್ಡಿ ಮುರಿದರೆ ಫ್ರೀವೀಲ್ ತೆಗೆಯದೆ ಹೊಸದು ತೂರುವುದಿಲ್ಲ, ಹಬ್ಬಿನ ತೂತುಗಳು ಫ್ರೀವೀಲಿನ ಮರೆಯಲ್ಲಿರುತ್ತವೆ. ಹಬ್ ಮೋಟರಿನ ತಟ್ಟೆ ಅಗಲವಾದ್ದರಿಂದ ತೂತುಗಳು ಬಹುಪಾಲು ಫ್ರೀವೀಲಿನಿಂದ ಆಚೆಗೇ ಬಿದ್ದಿರುತ್ತವೆ. ಕಡ್ಡಿಯನ್ನು ಸ್ವಲ್ಪ ಬಿಲ್ಲಿನಂತೆ ಬಗ್ಗಿಸಿ ತೂರಿಸಿದರೆ ಚಕ್ರ ಫ್ರೇಮಿನಲ್ಲಿದ್ದಂತೆಯೇ ಕೆಲಸ ಆಗುತ್ತದೆ. ರಿಮ್ಮಿನಲ್ಲಿರುವ ಹಳೇ ನಿಪ್ಪಲ್ ಚೆನ್ನಾಗಿದ್ದು ಹೊಸ ಕಡ್ಡಿಯ ಥ್ರೆಡ್ಡಿಗೆ ಹೊಂದಿದರೆ ಟೈರೂ ಬಿಚ್ಚಬೇಕಿಲ್ಲ. ಎಡಗಡೆ ಡಿಸ್ಕ್ ಬ್ರೇಕಿನ ತಟ್ಟೆ ಅಡ್ಡ ಬಂದರೆ ಮಾತ್ರ ಚಕ್ರ ಇಳಿಸಿ, ಆ ಆರು ಸ್ಕ್ರೂ ಬಿಚ್ಚಿ.

ಇಳಿಸಲೇಬೇಕಾದರೆ ಮೊದಲು ಮೊಬೈಲಿನಲ್ಲಿ ಎರಡೂ ಕಡೆಯ ಫೋಟೋ ತೆಗೆದುಕೊಳ್ಳಿ. ಆಕ್ಸಲಿನ ತುದಿಯಿಂದ ಹೊರಟ ವೈರು ಒಂದು ಗೇಣಿನಷ್ಟು ದೂರದಲ್ಲಿ ಬೆರಳುದ್ದದ ಒಂದು ಪ್ಲಗ್ಗಿಗೆ ಸೇರುತ್ತದೆ. ಅದರ ಎರಡೂ ಅರ್ಧದ ಮೇಲೆ ಬಾಣದ ಗುರುತಿರುತ್ತದೆ. ಒಳಗೆ ಸಾಮಾನ್ಯವಾಗಿ ಒಂಬತ್ತು ಸಣ್ಣ ಪಿನ್ನು. ತಿರುಚಿದರೆ ಪಿನ್ನು ಬಾಗುತ್ತದೆ, ನೇರವಾಗಿ ಎಳೆದರೆ ಬರುತ್ತದೆ. ಮತ್ತೆ ಹಾಕುವಾಗ ಬಾಣಕ್ಕೆ ಬಾಣ ಎದುರಿಟ್ಟು ಒತ್ತಿದರೆ ಆಯಿತು. ಆಕ್ಸಲ್ ನಟ್ಟಿಗೆ ಹೆಚ್ಚಾಗಿ 18ನೇ ನಂಬರ್ ಸ್ಪ್ಯಾನರ್ ಸಾಕು. ನಟ್ಟಿನ ಹಿಂದೆ ಒಂದು ಹಲ್ಲಿರುವ ವಾಷರ್ ಸಿಗುತ್ತದೆ, ಕೆಲವಕ್ಕೆ ಉದ್ದನೆಯ ಪಟ್ಟಿಯೂ ಇರುತ್ತದೆ. ಈ ವಾಷರನ್ನು ಮಾತ್ರ ಬೇಕಾಬಿಟ್ಟಿ ಹಾಕಬೇಡಿ. ಮೋಟರ್ ತಿರುಗುವಾಗ ಆಕ್ಸಲ್ ತಾನೇ ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ, ಅದನ್ನು ಹಿಡಿದಿಡುವುದು ಈ ಹಲ್ಲು. ಹಲ್ಲು ಫ್ರೇಮಿನ ಸೀಳಿನೊಳಗೆ ಕೂರದಿದ್ದರೆ ಆಕ್ಸಲ್ ಸುತ್ತಿಕೊಂಡು ವೈರನ್ನು ಕಿತ್ತುಹಾಕುತ್ತದೆ. ಆಗ ಗಿರಾಕಿ ನಿಜವಾಗಿಯೂ ಕಂಪನಿಗೇ ಹೋಗಬೇಕಾಗುತ್ತದೆ. ನಟ್ಟು ಬಿಗಿಯುವಾಗ ಒಂದಡಿ ಸ್ಪ್ಯಾನರಿನ ತುದಿಯಲ್ಲಿ ಹದಿಮೂರು ಹದಿನಾಲ್ಕು ಕೆಜಿ ಭಾರ ತೂಗಿದಷ್ಟು ಬಲ ಬೇಕು. ಬಿಚ್ಚಿದ ಚಕ್ರವನ್ನು ವೈರು ಬಂದ ಮಗ್ಗುಲಲ್ಲಿ ನೆಲಕ್ಕೆ ಮಲಗಿಸಬೇಡಿ. ಸೈಕಲ್ಲನ್ನು ತಲೆಕೆಳಗು ಮಾಡುವ ಮುನ್ನ ಹ್ಯಾಂಡಲ್ಲಿನ ಕೆಳಗೆ ಎರಡು ಮರದ ತುಂಡು ಕೊಡಿ, ಇಲ್ಲವಾದರೆ ಡಿಸ್‌ಪ್ಲೇ ಒಡೆದೀತು.

ಕರೆಂಟಿನ ಕತೆ ಇಷ್ಟೇ. ಇನ್ನು ನಿಮ್ಮ ಸೀಮೆಗೆ ಬರುತ್ತೇನೆ, ಕಡ್ಡಿಗೆ. ಇಲ್ಲಿ ನಿಮ್ಮ ಜೊತೆ ಸ್ವಲ್ಪ ಜಗಳವೂ ಇದೆ.

ಮುರಿದ ಕಡ್ಡಿಯನ್ನು ಕಿತ್ತು ಡಬ್ಬಕ್ಕೆ ಎಸೆಯುವ ಮುನ್ನ ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಸಾಮಾನ್ಯವಾಗಿ ಮುರಿದಿರುವುದು ಹಬ್ಬಿನ ತೂತಿನ ಹತ್ತಿರ, ತಲೆಯ ಕೆಳಗೆ ಬಾಗಿದ ಕತ್ತಿನಲ್ಲಿ. ಮುರಿದ ಮುಖದ ಒಂದು ಭಾಗ ನುಣುಪಾಗಿ ಮಂಕಾಗಿರುತ್ತದೆ, ಕೆಲವೊಮ್ಮೆ ತುಕ್ಕು ಹಿಡಿದಿರುತ್ತದೆ. ಉಳಿದ ಭಾಗ ಒರಟಾಗಿ, ಹರಳುಹರಳಾಗಿ ಹೊಳೆಯುತ್ತದೆ. ಮಂಕಾದ ಭಾಗ ಎಷ್ಟೋ ದಿನಗಳಿಂದ ಬಿರುಕು ಬಿಡುತ್ತಾ ಬಂದದ್ದು, ಹೊಳೆಯುವ ಭಾಗ ಇವತ್ತು ಟಣ್ ಎಂದು ಹೋದದ್ದು. ಅಂದರೆ ಇವತ್ತಿನ ಗುಂಡಿ ನೆಪ ಮಾತ್ರ. ತಂತಿಯನ್ನು ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಬಗ್ಗಿಸಿ ತುಂಡು ಮಾಡುತ್ತೀರಲ್ಲ, ಚಕ್ರ ಅದನ್ನೇ ನಿಧಾನವಾಗಿ ಮಾಡಿದೆ.

ಹೇಗೆಂದರೆ, ಬಿಗಿದ ಚಕ್ರದಲ್ಲಿ ಎಲ್ಲ ಕಡ್ಡಿಯೂ ಎಳೆತದಲ್ಲೇ ಇರುತ್ತದೆ. ಸವಾರ ಕೂತಾಗ ನೆಲಕ್ಕೆ ತಾಗಿದ ಜಾಗದಲ್ಲಿ ರಿಮ್ಮು ಒಂದಿಷ್ಟು ಒಳಕ್ಕೆ ಒತ್ತುತ್ತದೆ, ಅಲ್ಲಿನ ಕಡ್ಡಿಗಳ ಎಳೆತ ಇಳಿಯುತ್ತದೆ. ಚಕ್ರ ಮುಂದೆ ಉರುಳಿದರೆ ಆ ಕಡ್ಡಿ ಮತ್ತೆ ಬಿಗಿಯುತ್ತದೆ. 26 ಇಂಚಿನ ಚಕ್ರ ಒಂದು ಕಿಲೋಮೀಟರಿಗೆ ಐನೂರಕ್ಕೆ ಸ್ವಲ್ಪ ಕಡಿಮೆ ಸುತ್ತು ಹಾಕುತ್ತದೆ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವನ ಸೈಕಲ್ಲಿನ ಒಂದೊಂದು ಕಡ್ಡಿಯೂ ವರ್ಷಕ್ಕೆ ಹದಿನೇಳು ಲಕ್ಷಕ್ಕೂ ಹೆಚ್ಚು ಸಲ ಸಡಿಲಾಗಿ ಬಿಗಿಯುತ್ತದೆ. ಚೆನ್ನಾಗಿ ಬಿಗಿದ ಕಡ್ಡಿಗೆ ಇದು ಲೆಕ್ಕಕ್ಕಿಲ್ಲ. ಅರೆಬರೆ ಬಿಗಿದದ್ದು ಪೂರ್ತಿ ಸಡಿಲಾಗಿ, ತೂತಿನಲ್ಲಿ ಕತ್ತು ಅಲ್ಲಾಡಿ, ಅಲ್ಲೇ ಬಿರುಕು ಹುಟ್ಟುತ್ತದೆ. ಅಮೆರಿಕದ ಜಾಬ್ಸ್ಟ್ ಬ್ರಾಂಟ್ ಎಂಬ ಎಂಜಿನಿಯರ್ 1981ರಲ್ಲಿ ಸೈಕಲ್ ಚಕ್ರದ ಮೇಲೆಯೇ ಒಂದು ಇಡೀ ಪುಸ್ತಕ ಬರೆದ. ಅವನ ವಾದದ ಮುಖ್ಯ ಎಳೆ ಇದೇ: ಕಡ್ಡಿ ಮುರಿಯುವುದು ಬಿಗಿ ಜಾಸ್ತಿಯಾಗಿ ಅಲ್ಲ, ದಣಿದು. ಹೆಣೆದ ಮೇಲೆ ಅಕ್ಕಪಕ್ಕದ ಕಡ್ಡಿಗಳನ್ನು ಜೋಡಿಜೋಡಿಯಾಗಿ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಬೇಕು, ಆಗ ಕಡ್ಡಿಯ ಲೋಹದಲ್ಲಿ ಅಡಗಿ ಉಳಿದ ಒಳ ಒತ್ತಡ ಇಳಿಯುತ್ತದೆ ಎಂದು ಅವನು ಒತ್ತಿ ಹೇಳಿದ. ನಿಮ್ಮಲ್ಲಿ ಹಳಬರು ಚಕ್ರ ಕಟ್ಟಿದ ಮೇಲೆ ಹಾಗೆ ಹಿಂಡುವುದನ್ನು ನಾನು ನೋಡಿದ್ದೇನೆ. ಯಾಕೆ ಅಂತ ಕೇಳಿದರೆ ‘ನಮ್ಮ ಉಸ್ತಾದ್ ಹಂಗೇ ಮಾಡ್ತಿದ್ರು’ ಅನ್ನುತ್ತಾರೆ. ಉಸ್ತಾದರು ಸರಿಯಾಗಿಯೇ ಮಾಡುತ್ತಿದ್ದರು.

ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಗಾಡಿಯ ತೂಕ ಹೆಚ್ಚು, ಅದರಲ್ಲೂ ಹಿಂದೆ ಹೆಚ್ಚು. ಮೋಟರ್ ಹಬ್ಬಿನಿಂದಲೇ ತಿರುಚುವುದರಿಂದ ಆ ಬಲವೆಲ್ಲ ಕಡ್ಡಿಯ ಮೂಲಕವೇ ರಿಮ್ಮಿಗೆ ಹೋಗಬೇಕು. ಇನ್ನೊಂದು ಕಾರಣ ಸವಾರನ ಸೊಂಟದಲ್ಲಿದೆ. ಮಾಮೂಲಿ ಸೈಕಲ್ಲಿನವನು ಹಂಪ್ ಬಂದರೆ ಪೆಡಲಿನ ಮೇಲೆ ಎದ್ದು ನಿಲ್ಲುತ್ತಾನೆ, ಮೋಟರಿನ ಸುಖ ಕಂಡವನು ಕೂತೇ ಇರುತ್ತಾನೆ. ಇಪ್ಪತ್ತರ ವೇಗದಲ್ಲಿ ಹಂಪಿನ ಮೇಲೆ ಇಡೀ ಮೈಭಾರ ಹಿಂದಿನ ಚಕ್ರಕ್ಕೆ ಬೀಳುತ್ತದೆ. ಗಾಳಿ ಕಡಿಮೆ ಇದ್ದರಂತೂ ಕೇಳುವುದೇ ಬೇಡ. ಇದನ್ನು ಗಿರಾಕಿಗಳಿಗೆ ನೀವೇ ಗದರಿ ಹೇಳಿ, ನಿಮ್ಮ ಮಾತಾದರೆ ಕೇಳುತ್ತಾರೆ.

ಈಗ ಜಗಳದ ವಿಷಯ. ಧೈರ್ಯ ಮಾಡಿ ಕಡ್ಡಿ ಹಾಕುವವರಲ್ಲೂ ಬಹಳ ಮಂದಿ ಒಂದು ಮಾತು ಹೇಳುತ್ತೀರಿ: ‘ದಪ್ಪದ್ದು ಹಾಕ್ಬಿಡ್ತೀನಿ ಸಾರ್, ಇನ್ನು ಜನ್ಮದಲ್ಲಿ ಮುರಿಯಲ್ಲ.’ ಕೇಳಲು ಹಿತವಾಗಿದೆ. ಸಾಮಾನ್ಯ 14 ಗೇಜಿನ ಕಡ್ಡಿ 2 ಮಿಲಿಮೀಟರ್ ದಪ್ಪ, 13 ಗೇಜು 2.3, 12 ಗೇಜು 2.6. ಮೋಟರ್ ಚಕ್ರಕ್ಕೆ ಕೆಲವು ಕಂಪನಿಗಳೇ 12 ಅಥವಾ 13 ಗೇಜು ಹಾಕಿರುತ್ತವೆ. ಆದರೂ ಹೇಳುತ್ತೇನೆ, ದಪ್ಪ ಅಂದರೆ ಗಟ್ಟಿ ಅನ್ನುವುದು ಚಕ್ರದಲ್ಲಿ ನಡೆಯುವುದಿಲ್ಲ. ಇಪ್ಪತ್ತು ಸೆಂಟಿಮೀಟರ್ ಉದ್ದದ 14 ಗೇಜಿನ ಕಡ್ಡಿಯನ್ನು ನೂರು ಕೆಜಿ ಎಳೆತಕ್ಕೆ ಬಿಗಿದರೆ ಅದು ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ಹಿಗ್ಗುತ್ತದೆ. ಅಷ್ಟೇ ಎಳೆತಕ್ಕೆ 12 ಗೇಜಿನದು ಹಿಗ್ಗುವುದು ಐದನೇ ಒಂದು ಪಾಲು. ಈ ಹಿಗ್ಗುವಿಕೆಯೇ ಕಡ್ಡಿಯ ಉಳಿತಾಯದ ಖಾತೆ. ಗುಂಡಿಯಲ್ಲಿ ರಿಮ್ಮು ಒಳಕ್ಕೆ ಒತ್ತಿದಾಗ ತೆಳ್ಳನೆಯದರಲ್ಲಿ ಇನ್ನೂ ಎಳೆತ ಉಳಿದಿರುತ್ತದೆ, ದಪ್ಪನೆಯದು ಪೂರ್ತಿ ಸಡಿಲಾಗಿರುತ್ತದೆ. ಸಡಿಲಾದದ್ದರ ನಿಪ್ಪಲ್ ತಾನೇ ಬಿಚ್ಚಿಕೊಳ್ಳುತ್ತದೆ, ಕತ್ತು ತೂತಿನಲ್ಲಿ ಅಲ್ಲಾಡುತ್ತದೆ. ಸಾಲದ್ದಕ್ಕೆ, ದಪ್ಪ ಕಡ್ಡಿಯನ್ನು ಸರಿಯಾದ ಎಳೆತಕ್ಕೆ ತರಲು ಹೋದರೆ ತೆಳು ಅಲ್ಯುಮಿನಿಯಂ ರಿಮ್ಮಿನ ತೂತಿನ ಸುತ್ತ ಸೀಳು ಬಿಡುವ ಅಪಾಯವಿದೆ.

ಕೆನಡಾದ ವ್ಯಾಂಕೂವರಿನಲ್ಲಿ ಗ್ರಿನ್ ಟೆಕ್ನಾಲಜೀಸ್ ಎಂಬವರು ಹಬ್ ಮೋಟರ್ ಚಕ್ರಗಳನ್ನು ಕಟ್ಟುವುದನ್ನೂ ಕಸುಬು ಮಾಡಿಕೊಂಡಿದ್ದಾರೆ. ಅವರು ಬಳಸುವುದು ಕತ್ತಿನ ಹತ್ತಿರ 13 ಗೇಜು ದಪ್ಪವಿದ್ದು ಮುಂದೆ 14ಕ್ಕೆ ಇಳಿಯುವ ಕಡ್ಡಿ. ಮುರಿಯುವ ಜಾಗದಲ್ಲಿ ದಪ್ಪ, ಹಿಗ್ಗುವ ಜಾಗದಲ್ಲಿ ತೆಳು. ಅಂಥದ್ದು ನಮ್ಮ ಪೇಟೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ನಿಮಗೆ ಹೇಳುವುದು ಇಷ್ಟು: ಒಂದೇ ಕಡ್ಡಿ ಬದಲಿಸುವಾಗ ಮಿಕ್ಕ ಕಡ್ಡಿಗಳ ಗೇಜನ್ನೇ ಹಾಕಿ. ಒಂದು ದಪ್ಪದ್ದನ್ನು ನಡುವೆ ಸೇರಿಸಿದರೆ ಅದರ ಅಕ್ಕಪಕ್ಕದವು ಬೇರೆ ತಾಳಕ್ಕೆ ಕೆಲಸ ಮಾಡುತ್ತವೆ. ಇಡೀ ಚಕ್ರವನ್ನು ಹೊಸದಾಗಿ ಹೆಣೆಯುವ ಸಂದರ್ಭ ಬಂದರೆ 14 ಗೇಜಿನ ಒಳ್ಳೆಯ ಸ್ಟೇನ್‌ಲೆಸ್ ಕಡ್ಡಿಯನ್ನು ಧಾರಾಳವಾಗಿ ಬಳಸಿ. ಹಬ್ಬಿನ ತೂತು ದೊಡ್ಡದಾಗಿ ತಲೆ ಸಡಿಲವೆನಿಸಿದರೆ ತಲೆಯ ಕೆಳಗೆ ಒಂದು ಸಣ್ಣ ಹಿತ್ತಾಳೆ ವಾಷರ್ ಸೇರಿಸಿ.

ಹೆಣೆಯುವ ಕ್ರಮದಲ್ಲೂ ಇದೇ ಥರ ಒಂದು ಹಳೇ ರೂಢಿ ಕಾಡುತ್ತದೆ. ಸಣ್ಣ ಹಬ್ಬಿನ ಸೈಕಲ್ಲಿನಲ್ಲಿ ಒಂದು ಕಡ್ಡಿ ಮೂರು ಕಡ್ಡಿಗಳನ್ನು ದಾಟಿ ಹೋಗುವುದು ಒಳ್ಳೆಯದೇ. ಮೋಟರಿನ ತಟ್ಟೆ ಅಗಲವಾದ್ದರಿಂದ ಅಲ್ಲಿಂದ ಮೂರು ದಾಟಿಸಿದರೆ ಕಡ್ಡಿ ರಿಮ್ಮಿಗೆ ಓರೆಯಾಗಿ ಬಂದು ಬೀಳುತ್ತದೆ. ನಿಪ್ಪಲ್ಲಿಗೆ ಅಷ್ಟು ವಾಲಲು ತೂತಿನಲ್ಲಿ ಜಾಗವಿಲ್ಲ, ನಿಪ್ಪಲ್ಲಿನ ಬಾಯಲ್ಲೇ ಕಡ್ಡಿ ಬಾಗುತ್ತದೆ, ಮುಂದೆ ಅಲ್ಲೇ ಮುರಿಯುತ್ತದೆ. ಮುರಿದದ್ದು ಕತ್ತಿನಲ್ಲಲ್ಲದೆ ಥ್ರೆಡ್ಡಿನ ಬುಡದಲ್ಲಾಗಿದ್ದರೆ ಕಾರಣ ಇದೇ ಇರಬಹುದು ಎಂದು ನೋಡಿ. ಮೋಟರ್ ಚಕ್ರಕ್ಕೆ ಒಂದು ದಾಟಿದರೆ ಸಾಕು. ಒಂಟಿ ಕಡ್ಡಿ ಬದಲಿಸುವಾಗ ಈ ತಲೆನೋವಿಲ್ಲ, ಅದೇ ಕಡೆಯ ಇನ್ನೊಂದು ಅಂಥದೇ ಕಡ್ಡಿ ಯಾವುದರ ಮೇಲೆ ಹೋಗಿದೆ, ಯಾವುದರ ಕೆಳಗೆ ನುಸುಳಿದೆ ಎಂದು ನೋಡಿ ಹಾಗೆಯೇ ಹಾಕಿದರಾಯಿತು.

ಅಳತೆ. ನಿಜವಾದ ಕಷ್ಟ ಇರುವುದು ಇಲ್ಲಿ, ಅದನ್ನು ಮುಚ್ಚಿಡುವುದಿಲ್ಲ. ಹಬ್ಬು ದೊಡ್ಡದಾದಷ್ಟೂ ಕಡ್ಡಿ ಗಿಡ್ಡ. ನಿಮ್ಮ ಅಂಗಡಿಯ ತಂತಿಗೆ ನೇತುಹಾಕಿರುವ 26 ಇಂಚಿನ ಮಾಮೂಲಿ ಕಟ್ಟಿನಲ್ಲಿ ಇದಕ್ಕೆ ಸರಿಹೋಗುವುದು ಇರುವುದಿಲ್ಲ. ಮುರಿದ ಎರಡು ತುಂಡುಗಳನ್ನು ಜೋಡಿಸಿ, ಕತ್ತಿನ ಒಳಬಾಗಿನಿಂದ ಥ್ರೆಡ್ಡಿನ ತುದಿಯವರೆಗೆ ಮಿಲಿಮೀಟರಿನಲ್ಲಿ ಅಳೆಯಿರಿ, ಇಂಚಿನಲ್ಲಿ ಬೇಡ. ತುಂಡು ಕಳೆದಿದ್ದರೆ ಅದೇ ಕಡೆಯ ಇನ್ನೊಂದನ್ನು ಬಿಚ್ಚಿ ಅಳೆಯಿರಿ, ಎಡ ಬಲದ ಅಳತೆ ಒಂದೇ ಇರಬೇಕೆಂದಿಲ್ಲ. ಒಂದೆರಡು ಮಿಲಿಮೀಟರ್ ಗಿಡ್ಡವಾದರೆ ನಡೆಯುತ್ತದೆ, ಉದ್ದವಾದರೆ ನಿಪ್ಪಲ್ಲಿನಾಚೆ ತುದಿ ಎದ್ದು ಟ್ಯೂಬಿಗೆ ಚುಚ್ಚುತ್ತದೆ. ಟ್ಯೂಬಿನ ಒಳಮೈಯಲ್ಲಿ, ರಿಮ್ಮಿನ ಕಡೆಗೆ ತೂತಾದ ಪಂಚರ್ ಬಂದರೆ ಟೈರಿನಲ್ಲಿ ಮುಳ್ಳು ಹುಡುಕಬೇಡಿ, ರಿಮ್ ಟೇಪ್ ಎತ್ತಿ ನೋಡಿ.

ಉದ್ದನೆಯ ಕಡ್ಡಿಯನ್ನು ಕತ್ತರಿಸಿ ಡೈಯಲ್ಲಿ ಥ್ರೆಡ್ ಹಾಕಿಕೊಡುವವರಿದ್ದೀರಿ. ಊರಿಗೆ ಮುಟ್ಟಲು ಅದು ಸಾಕು, ವರ್ಷಗಟ್ಟಲೆ ಓಡಲು ಸಾಲದು. ಕಾರ್ಖಾನೆಯಲ್ಲಿ ಕಡ್ಡಿಯ ಥ್ರೆಡ್ಡನ್ನು ಒತ್ತಿ ಉರುಳಿಸಿ ಮೂಡಿಸುತ್ತಾರೆ, ಲೋಹ ಕೊರೆದು ಹೋಗುವುದಿಲ್ಲ. ಡೈ ಲೋಹವನ್ನೇ ಕೊರೆಯುತ್ತದೆ, ಹಾಗೆ ಕೊರೆದ ಗೆರೆಯಿಂದಲೇ ಮುಂದಿನ ಬಿರುಕು ಹೊರಡುತ್ತದೆ. ಲುಧಿಯಾನದಿಂದ ನಿಮಗೆ ಸಾಮಾನು ತರಿಸಿಕೊಡುವ ಹೋಲ್‌ಸೇಲಿನವರ ಹತ್ತಿರ ಬೇಕಾದ ಅಳತೆಯ ಕಡ್ಡಿ ಕೇಳಿ. ನಿಮ್ಮ ಬೀದಿಯಲ್ಲಿ ಓಡುವುದು ಮೂರೋ ನಾಲ್ಕೋ ಮಾಡೆಲ್ಲು. ಒಂದೊಂದರದೂ ಅಳತೆ ಬರೆದಿಟ್ಟು ಹತ್ತು ಹತ್ತು ಕಡ್ಡಿ, ಹತ್ತು ಹತ್ತು ನಿಪ್ಪಲ್ಲು ತರಿಸಿಟ್ಟರೆ ವರ್ಷಕ್ಕೆ ಸಾಕು. ನಿಪ್ಪಲ್ಲನ್ನು ಕಡ್ಡಿಯ ಗೇಜಿಗೆ ತಕ್ಕಂತೆಯೇ ತರಿಸಿ, 14ರ ನಿಪ್ಪಲ್ಲಿಗೆ 13ರ ಕಡ್ಡಿ ಹತ್ತುವುದಿಲ್ಲ.

ಬೆಂಡ್ ತೆಗೆಯುವುದನ್ನು ನಿಮಗೆ ಹೇಳಿಕೊಡುವಷ್ಟು ದೊಡ್ಡವನು ನಾನಲ್ಲ. ಬಲಗಡೆಯ ಕಡ್ಡಿ ಹೋದರೆ ರಿಮ್ಮು ಎಡಕ್ಕೆ ಎಳೆಯುತ್ತದೆ, ಹೊಸ ಕಡ್ಡಿ ಬಿಗಿಯುತ್ತಾ ಬಂದಂತೆ ಅದು ತಾನೇ ನಡುವಿಗೆ ಬರುತ್ತದೆ, ಇದೆಲ್ಲ ನಿಮಗೆ ನಿದ್ದೆಯಲ್ಲೂ ಗೊತ್ತು. ಕೋರಿಕೆ ಒಂದೇ. ಹೊಸ ಕಡ್ಡಿಯನ್ನು ಬಿಗಿದು, ರಿಮ್ಮು ನೆಟ್ಟಗಾಯಿತು ಎಂದು ಅಲ್ಲಿಗೇ ಕೈ ತೊಳೆಯಬೇಡಿ. ಅದೇ ಕಡೆಯ ಎಲ್ಲ ಕಡ್ಡಿಗಳನ್ನೂ ಬೆರಳಿನಿಂದ ಮೀಟಿ ನೋಡಿ. ಒಂದೇ ಕಡೆಯವು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ನಡುವೆ ಎರಡು ಮೂರು ಬೋಳು ಸದ್ದು ಬಂದರೆ ಅವೇ ಮುಂದಿನ ತಿಂಗಳು ಮುರಿಯುವವು. ಕಾಲು ಸುತ್ತು, ಅರ್ಧ ಸುತ್ತು ಕೀ ತಿರುಗಿಸುತ್ತಾ ಅವನ್ನೂ ಮೇಲಕ್ಕೆ ತನ್ನಿ, ಜೋಡಿಜೋಡಿ ಹಿಂಡಿ, ಮತ್ತೊಮ್ಮೆ ಚಕ್ರ ತಿರುಗಿಸಿ ನೋಡಿ. ಡಬ್ಬದಲ್ಲಿ ಬಂದ ಸೈಕಲ್ಲುಗಳ ಚಕ್ರ ಮೆಷಿನ್ನಿನಲ್ಲಿ ಹೆಣೆದದ್ದು. ನೆಟ್ಟಗಿರುತ್ತದೆ, ಬಿಗಿ ಮಾತ್ರ ಸಮ ಇರುವುದಿಲ್ಲ. ಕಡ್ಡಿ ಮುರಿಯುವುದಕ್ಕೆ ಮೊದಲೇ ಯಾರಾದರೂ ಹೊಸ ಸೈಕಲ್ಲು ತಂದರೆ ಈ ಕೆಲಸವನ್ನು ಒಮ್ಮೆ ಮಾಡಿಕೊಟ್ಟುಬಿಡಿ, ಅರ್ಧಕ್ಕರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಒಂದು ಕಡ್ಡಿ ಹಾಕಿದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು ಮುರಿಯುತ್ತಾ ಬಂದರೆ ಗಿರಾಕಿಯನ್ನು ಕೂರಿಸಿ ನಿಜ ಹೇಳಿ. ಆ ಚಕ್ರದ ಎಲ್ಲ ಕಡ್ಡಿಗಳೂ ಒಟ್ಟಿಗೆ ದಣಿದಿವೆ. ಒಂದೊಂದೇ ಬದಲಿಸುತ್ತಾ ಹೋಗುವುದು ನಿಮಗೂ ಕಾಟ, ಅವನಿಗೂ ದಂಡ. ಎಲ್ಲವನ್ನೂ ಕಿತ್ತು ಹೊಸದಾಗಿ ಹೆಣೆಯುವುದೇ ಅಗ್ಗ. ಇನ್ನು ಅಕ್ಕಪಕ್ಕದ ಎರಡು ಮೂರು ಹೋಗಿದ್ದರೆ ಸೈಕಲ್ಲನ್ನು ಓಡಿಸಿಕೊಂಡು ಹೋಗಲು ಬಿಡಬೇಡಿ. ಒಂದೇ ಹೋಗಿದ್ದು, ಕಡ್ಡಿ ಸಿಗದಿದ್ದರೆ, ಮುರಿದದ್ದನ್ನು ಪಕ್ಕದ ಕಡ್ಡಿಗೆ ಸುತ್ತಿ ಟೇಪು ಹಾಕಿ ನಿಧಾನ ಹೋಗಲು ಹೇಳಿ. ಜೋತಾಡುವ ತುಂಡು ಚೈನಿಗೋ ಮೋಟರಿನ ವೈರಿಗೋ ಸಿಕ್ಕಿದರೆ ಚಿಕ್ಕ ರಿಪೇರಿ ದೊಡ್ಡದಾಗುತ್ತದೆ.

ದುಡ್ಡಿನ ಮಾತೂ ಆಡಿಬಿಡುತ್ತೇನೆ. ಈ ಕೆಲಸಕ್ಕೆ ಮಾಮೂಲಿ ಸೈಕಲ್ಲಿನ ಮಜೂರಿ ಕೇಳಬೇಡಿ. ಭಾರ ಹೆಚ್ಚು, ಎಚ್ಚರ ಹೆಚ್ಚು, ಹೊತ್ತೂ ಹೆಚ್ಚು. ಇನ್ನೂರೈವತ್ತೋ ಮುನ್ನೂರೋ ಕೇಳಿ, ಬೆಂಗಳೂರಿಗೆ ಹೋಗುವುದು ತಪ್ಪಿತೆಂದು ಯಾರೂ ಚೌಕಾಸಿ ಮಾಡದೆ ಕೊಡುತ್ತಾರೆ. ‘ಪಂಚರ್ ಒಂದರಿಂದ ಅಂಗಡಿ ನಡೆಯಲ್ಲ, ಮಕ್ಕಳು ಈ ಕಸುಬಿಗೆ ಬರಲ್ಲ’ ಅನ್ನುತ್ತೀರಿ. ಒಳ್ಳೆ ಮಜೂರಿ ಸಿಗುವ ಕೆಲಸ ಬಾಗಿಲಿಗೆ ಬಂದಾಗ ಅದನ್ನು ನೀವೇ ಬೇರೆ ಊರಿಗೆ ಕಳಿಸುವುದು ನನಗೆ ಅರ್ಥವಾಗುವುದಿಲ್ಲ. ಸೈಕಲ್ ಮಾಡುವ ಕಂಪನಿಗಳಿಗೂ ಇದೇ ಜಾಗದಲ್ಲಿ ಒಂದು ಮಾತು: ಡಬ್ಬದಲ್ಲಿ ಆರು ಕಡ್ಡಿ ಹೆಚ್ಚಿಗೆ ಇಟ್ಟು, ಅದರ ಉದ್ದ ಮತ್ತು ಗೇಜನ್ನು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಅಚ್ಚು ಹಾಕಿದರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಅಣ್ಣಂದಿರೇ, ಬ್ಯಾಟರಿ, ಮೋಟರ್, ಕಂಟ್ರೋಲರ್ ಕೆಟ್ಟರೆ ನಿಮ್ಮನ್ನು ಕೇಳುವುದಿಲ್ಲ. ಕಡ್ಡಿ ನಿಮ್ಮದು. ನಾಳೆ ಯಾರಾದರೂ ಚಕ್ರ ವಾಲುತ್ತಿರುವ ಕರೆಂಟ್ ಸೈಕಲ್ಲು ತಳ್ಳಿಕೊಂಡು ಬಂದರೆ, ಬ್ಯಾಟರಿ ತೆಗೆಸಿ, ಮುರಿದ ಕಡ್ಡಿ ಅಳೆದು ನೋಡಿ. ಆಗುತ್ತದೋ ಇಲ್ಲವೋ ಅನ್ನುವುದನ್ನು ಅದಾದ ಮೇಲೆ ಹೇಳಿ.

ಇಂತಿ ನಿಮ್ಮ,
ಮೈಸೂರಿನ ಒಬ್ಬ ಗಿರಾಕಿ